ಮೂರನೇ ಪಾತಿಯ ನೀರು

“ಮೆಣಸಿನ ಪಾತಿ ಯಾಕೆ ಹಿಂಗೆ ಒಣಗಿದೆ ಕೇತಮ್ಮ?” ಗುರುಗಳು ಕೇಳಿದರು.

ಕೇತಮ್ಮ ಮಡಿಲಲ್ಲಿದ್ದ ಕೂಸಿನ ಮೇಲೆ ಸೆರಗು ಎಳೆದುಕೊಂಡಳು.

“ಬದನೆ ಪಾತಿ ನೋಡಿದ್ರೆ ಕೊಳೀತಾ ಇದೆ. ನೀರು ನಿಂತು ನಾರ್ತಾ ಇದೆ, ವಾಸನೆ ಇಲ್ಲೀವರೆಗೂ ಬರತ್ತೆ. ನೀರು ಕಟ್ಟೋದೇ ಮರೆತುಹೋಯ್ತಾ ನಿನಗೆ?”

“ಮರೆತಿಲ್ಲ ಬುದ್ಧಿ.”

“ಮತ್ತೆ?”

“ಮೂರನೇ ಪಾತಿಗೆ ನೀರು ಬಿಡಕ್ಕೆ ಕೈ ಬರ್ಲಿಲ್ಲ.”

ಗುರುಗಳು ಹಿಡಿದಿದ್ದ ಗುದ್ದಲಿಯನ್ನು ಕೆಳಗಿಟ್ಟರು. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು.

ಆಶ್ರಮ ಅಂದ ಕೂಡಲೇ ಗೋಪುರ, ಗಂಟೆ, ದಾಸೋಹದ ಸಾಲು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಗುಡ್ಡದ ಬುಡ, ಹೊಳೆಯ ದಂಡೆ, ಎರಡು ಹೆಂಚಿನ ಕೋಣೆ, ಮೂರು ಪಾತಿ ತೋಟ. ಇಷ್ಟೇ ಆಶ್ರಮ.

ಗುರುಗಳ ಹೆಸರು ನಿರ್ವಾಣಯ್ಯ. ಒಂದು ಕಾಲಕ್ಕೆ ಪಟ್ಟಣದಲ್ಲಿ ಡಾಕ್ಟರಾಗುವವರಿಗೆ ಪಾಠ ಹೇಳಿದವರು. ಈಗ ಕೋಟೂ ಇಲ್ಲ, ಕಾವಿಯೂ ಇಲ್ಲ, ಮಾಸಿದ ಬಿಳಿ ಪಂಚೆ. ಬೆಳಗ್ಗೆ ಹೊಳೆಯಲ್ಲಿ ಮಿಂದು ಬಂದರೆ ಉಳಿದ ಸ್ವಾಮಿಗಳು ಪೂಜೆಗೆ ಕೂರುತ್ತಾರೆ, ಇವರು ಮೈಕ್ರೋಸ್ಕೋಪಿನ ಮುಂದೆ ಕೂರುತ್ತಿದ್ದರು.

ಗುಡ್ಡದ ಮೇಲೆ ಕಾಡಿನೊಳಗೆ ಪೋಡುಗಳಿವೆ. ಪೋಡು ಅಂದರೆ ಹತ್ತಾರು ಗುಡಿಸಲಿನ ಸಣ್ಣ ಊರು. ಬೆರಳು ಚುಚ್ಚಿ ರಕ್ತ ತೆಗೆಯುವ ಇವರನ್ನು ಅಲ್ಲಿನ ಜನ ರಕ್ತದ ಬುದ್ಧಿ ಅಂತಲೇ ಕರೆಯುತ್ತಿದ್ದರು, ಬುದ್ಧಿ ಅಂದರೆ ಅವರ ಮಾತಿನಲ್ಲಿ ಸ್ವಾಮಿ. ಆ ಹೆಸರು ಕೇಳಿದರೆ ಮಕ್ಕಳು ಎದ್ದೂ ಬಿದ್ದೂ ಓಡುತ್ತಿದ್ದವು, ಪಾಪ. ಮನುಷ್ಯ ಮಾತ್ರ ಇರುವೆ ತುಳಿಯದ ಸ್ವಭಾವದವರು.

ಕೇತಮ್ಮ ಪೋಡಿನವಳು. ಮೊದಲ ಸಲ ಅವಳು ಬೆಟ್ಟ ಇಳಿದು ಬಂದದ್ದು ಮಗ ಕಾರಯ್ಯನನ್ನು ಹೊತ್ತುಕೊಂಡು. ಅಂಗೈ ಅಂಗಾಲು ಬಾತು, ಮೂಳೆಯೊಳಗೆ ನೋವು ಹೊಕ್ಕು, ಕೂಸಿಗೆ ಅಳುವ ತ್ರಾಣವೂ ಇರಲಿಲ್ಲ. ಆಶ್ರಮಕ್ಕೂ ಆಸ್ಪತ್ರೆಗೂ ಅಲೆದು ಅಲೆದು ಅವಳ ಕಾಲು ಸವೆಯಿತು. ಎರಡನೇ ಮಳೆಗಾಲವನ್ನು ಆ ಹುಡುಗ ಕಾಣಲಿಲ್ಲ.

ಮಗನನ್ನು ಮಣ್ಣು ಮಾಡಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಬಂದು ಗುರುಗಳ ಮುಂದೆ ನಿಂತಳು.

“ನನ್ನ ಮಗನ್ನ ತಿಂದದ್ದು ಏನು ಅಂತ ಕಲಿಸಿ ಬುದ್ಧಿ.”

“ಕಲಿತ್ರೆ ಅವನು ಬರಲ್ಲ ಕಣವ್ವ.”

“ಗೊತ್ತು. ಕಲಿಸಿ.”

ಗುರುಗಳು ಪುಸ್ತಕ ತೆಗೆಯಲಿಲ್ಲ. ಗುದ್ದಲಿ ತಂದು ಅವಳ ಕೈಗೆ ಕೊಟ್ಟರು.

ತೋಟಕ್ಕೆ ಹೊಳೆಯಿಂದ ಒಂದು ಸಣ್ಣ ಕಾಲುವೆ. ಅದರ ತಲೆಯಲ್ಲಿ ನೀರು ಬಿಡುವ ಒಂದು ತೂಬು. ಕಾಲುವೆಯ ಪಕ್ಕಕ್ಕೆ ಸಾಲಾಗಿ ಮೂರು ಪಾತಿ, ಮೊದಲು ಸೊಪ್ಪು, ಆಮೇಲೆ ಬದನೆ, ಕೊನೆಗೆ ಮೆಣಸಿನ ಗಿಡ. ಒಂದು ಪಾತಿಯ ಬಾಯಿಗೆ ಮಣ್ಣು ಎಳೆದು ಮುಚ್ಚಿದರೆ ನೀರು ಮುಂದಿನ ಪಾತಿಗೆ ಹರಿಯುತ್ತದೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಅವಳು ಎಷ್ಟೋ ದಿನ ಬರೀ ಅದನ್ನೇ ಮಾಡಿದಳು.

“ಬುದ್ಧಿ, ನಾನು ಕೇಳಿದ್ದು ರಕ್ತದ ವಿಚಾರ,” ಅಂದಳು ಒಂದು ದಿನ ಸಿಟ್ಟಿನಿಂದ.

“ನಾನು ಹೇಳ್ತಿರೋದೂ ಅದೇ. ರಕ್ತ ಉಸಿರು ಹೊರಬೇಕು. ಹೊರೋ ಸಾಮಾನು ಮಾಡೋ ಜೀನುಗಳು ಡಿಎನ್‌ಎ ಅನ್ನೋ ಎಳೆ ಮೇಲೆ ಹಿಂಗೇ ಸಾಲಾಗಿ ಕೂತಿವೆ. ಬಸಿರು ನಿಂತ ಹೊಸದರಲ್ಲಿ ಮೊದಲನೇದಕ್ಕೆ ನೀರು. ಕೂಸು ಹೊಟ್ಟೇಲಿ ಬೆಳೆಯೋವಾಗ ಎರಡನೇದಕ್ಕೆ. ಹುಟ್ಟಿದ ಮೇಲೆ, ಮೆಲ್ಲಗೆ, ಮೂರನೇದಕ್ಕೆ.”

“ತೂಬು ಯಾವ್ದು?”

“ಅದೂ ಅದೇ ಎಳೆ ಮೇಲಿನ ಒಂದು ತುಂಡು. ಪಾತಿಗಳಿಂದ ಬಲು ದೂರ. ಅದರಲ್ಲಿ ತಾನಾಗಿ ಏನೂ ಬೆಳೆಯಲ್ಲ. ನಮ್ಮ ತೂಬು ಇದ್ದಲ್ಲೇ ಇರತ್ತೆ, ಮೈಯೊಳಗಿನದು ಬಾಗಿ ಬಂದು ಪಾತೀನ ಮುಟ್ಟತ್ತೆ. ಯಾವುದನ್ನ ಮುಟ್ಟತ್ತೋ ಅದು ಹಸಿರು. ಒಂದು ಸಲಕ್ಕೆ ಒಂದೇ.”

“ನನ್ನ ಮಗನಿಗೆ ಎಲ್ಲಿ ತಪ್ಪಿತ್ತು?”

“ಮೂರನೇ ಪಾತಿಯ ಬೀಜದಲ್ಲಿ. ನಿನ್ನಿಂದ ಒಂದು ಬಂತು, ನಿನ್ನ ಗಂಡನಿಂದ ಒಂದು ಬಂತು, ಎರಡೂ ಕೆಟ್ಟದ್ದೇ ಬಂತು. ಆದ್ರೆ ನೀರು ಅಲ್ಲಿಗೆ ತಲುಪೋವರೆಗೂ ಯಾರಿಗೂ ಗೊತ್ತಾಗಲ್ಲ. ಕೂಸು ಗುಂಡಗೆ ನಕ್ಕೊಂಡಿರತ್ತೆ. ಅರ್ಧ ವರ್ಷ ತುಂಬೋ ಹೊತ್ತಿಗೆ ನೀರು ತಿರುಗತ್ತೆ, ಆಗ ರಕ್ತದ ಕಣ ಕುಡುಗೋಲಿನ ಹಂಗೆ ಬಗ್ಗಿ ಸಣ್ಣ ಸಣ್ಣ ನಾಳದಲ್ಲೆಲ್ಲ ಸಿಕ್ಕೊಳತ್ತೆ.”

ಕೇತಮ್ಮ ಕಾಲುವೆಯನ್ನೇ ನೋಡುತ್ತಿದ್ದಳು.

“ಎರಡನೇ ಪಾತಿ? ಅದು ಆಮೇಲೆ ಸತ್ತೋಯ್ತದಾ?”

ಈ ಪ್ರಶ್ನೆ ಅವಳಿಗೆ ಹೊಳೆಯದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಜಾಣೆ, ಹೊಳೆಯಿತು.

“ಇಲ್ಲ,” ಅಂದರು ಗುರುಗಳು. “ಅಲ್ಲೇ ಇರತ್ತೆ. ನಿನ್ನಲ್ಲೂ ಇದೆ, ನನ್ನಲ್ಲೂ ಇದೆ. ಒಳ್ಳೇ ಬೀಜ, ಸಾಯೋವರೆಗೂ ಹಂಗೇ ಇರತ್ತೆ. ಬಾಯಿಗೆ ಮಣ್ಣು ಬಿದ್ದಿರತ್ತೆ, ಅಷ್ಟೇ.”

“ಯಾರು ಹಾಕೋದು?”

“ಮೈಯೇ ಹಾಕ್ಕೊಳತ್ತೆ. ಅದರ ರೂಢಿ.”

“ನನ್ನ ಮಗನೊಳಗೂ ಇತ್ತಾ? ಅವ್ನು ನರಳ್ತಾ ಇದ್ದಾಗ್ಲೂ?”

“ಇತ್ತು.”

ಅವತ್ತು ಅವಳು ಅತ್ತ ಹಾಗೆ ಮಗನನ್ನು ಹೂಳುವಾಗಲೂ ಅತ್ತಿರಲಿಲ್ಲ. ಸಮಾಧಾನಕ್ಕೆ ಅಂತ ಗುರುಗಳು ಇನ್ನೊಂದು ಮಾತು ಸೇರಿಸಿದರು. ಎಲ್ಲೋ ಕೆಲವರಲ್ಲಿ ಆ ಮಣ್ಣು ಪೂರಾ ಬೀಳುವುದೇ ಇಲ್ಲ, ಅಂಥವರಿಗೆ ಮೂರನೆಯದು ಕೆಟ್ಟಿದ್ದರೂ ಎರಡನೆಯದು ಕಾಯುತ್ತದೆ ಅಂದರು. ಸಮಾಧಾನದ ಮಾತೇ ಮುಂದೆ ಮುಳ್ಳಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕೇತಮ್ಮ ಕಲಿತಳು. ಬೆರಳು ಚುಚ್ಚುವುದು, ಗಾಜಿನ ಮೇಲೆ ಹನಿ ಹಾಕುವುದು, ಇನ್ನೊಂದು ಗಾಜು ಮುಚ್ಚಿ ಅಂಚಿಗೆ ಮೇಣ ಹಚ್ಚುವುದು, ಗಾಳಿಯಾಡದೆ ಆ ಹನಿ ಉಸಿರುಗಟ್ಟಿದಾಗ ಕುಡುಗೋಲು ಕಾಣುತ್ತದೋ ಇಲ್ಲವೋ ಅಂತ ಕಾದು ನೋಡುವುದು. ಪೋಡು ಪೋಡು ಸುತ್ತಿದಳು.

ಪೋಡುಗಳಲ್ಲಿ ಒಂದು ಪದ್ಧತಿಯಿದೆ. ಕೂಸು ಕೂರಲು ಕಲಿತ ಮೇಲೆ ಸೋದರಮಾವ ತೊಡೆಯ ಮೇಲೆ ಇಟ್ಟುಕೊಂಡು ಮೊದಲ ರಾಗಿ ಗಂಜಿ ತಿನ್ನಿಸಬೇಕು. ಮಾವನ ತುತ್ತು ಅಂತಾರೆ. ಕಾರಯ್ಯನಿಗೆ ಆ ತುತ್ತು ಕೊಟ್ಟವನು ಕೇತಮ್ಮನ ತಮ್ಮ ಕುನ್ನಯ್ಯ. ಅದಾದ ವಾರದಲ್ಲೇ ಕೂಸಿನ ಕೈಕಾಲು ಬಾತದ್ದು.

ಜನದ ಬಾಯಿಗೆ ಬೀಗ ಉಂಟೇ? ತುತ್ತು ತಾಕಿತು ಅಂದರು. ಕೈಯಲ್ಲಿ ವಿಷ ಇದೆ ಅಂದರು. ಕುನ್ನಯ್ಯ ಆ ಮಾತನ್ನು ನಂಬಿದ, ಪೋಡು ಬಿಟ್ಟ, ಮತ್ತೆ ಮುಖ ತೋರಿಸಲಿಲ್ಲ.

ಕೇತಮ್ಮ ಮನೆಮನೆಗೆ ಹೋಗಿ ಹೇಳಿದಳು. “ಗಂಜಿಯಿಂದ ಬಂದದ್ದಲ್ಲ ಕಣ್ರವ್ವಾ. ಗಂಜಿ ಕೊಡೋ ಹೊತ್ತೂ ರಕ್ತ ತಿರುಗೋ ಹೊತ್ತೂ ಒಂದೇ ಆಯ್ತು, ಅಷ್ಟೇ. ಉಣ್ಣಿಸಿ.” ಹೆಂಗಸರು ತಲೆಯಾಡಿಸಿದರು, ಉಣ್ಣಿಸಿದರು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಗಾದೆ ಇದೆಯಲ್ಲ. ಅದನ್ನು ಬೇರೆಯವರ ಮೇಲೆ ಹಾಕಿ ನಗುವುದು ಸುಲಭ.

ಕೇತಮ್ಮನಿಗೆ ಮತ್ತೆ ಒಂದು ಹೆಣ್ಣು ಕೂಸು ಹುಟ್ಟಿತು. ಸಂಪಿಗೆ ಅಂತ ಹೆಸರಿಟ್ಟಳು. ಹುಟ್ಟಿದ ಕೂಡಲೇ ಅದರ ರಕ್ತ ಪಟ್ಟಣಕ್ಕೆ ಹೋಗಿ ಬಂತು. ಇದಕ್ಕೂ ಎರಡೂ ಕಡೆಯದು ಕೆಟ್ಟದ್ದೇ.

ಗುರುಗಳು ಹೇಳಿದಾಗ ಅವಳು ಹೂಂ ಅಂದಳು. ಅಷ್ಟೇ ಅಂದದ್ದು.

ಆಮೇಲೆ ಗುರುಗಳ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆ ಪಟ್ಟಣಕ್ಕೆ ಹೋದವರು ಗಾಯ ಮಾಯದೆ ಅಲ್ಲೇ ತಿಂಗಳುಗಟ್ಟಲೆ ಉಳಿಯಬೇಕಾಯಿತು. ಈ ದಿನ ಮಧ್ಯಾಹ್ನ ವಾಪಸು ಬಂದಿದ್ದಾರೆ. ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ. ಬಂದವರು ಮೊದಲು ತೋಟಕ್ಕೆ ಹೋದರು, ಮೆಣಸಿನ ಪಾತಿ ಕಂಡಿತು.

“ಕೂಸನ್ನ ಇಲ್ಲಿ ಕೊಡು,” ಅಂದರು.

ಕೇತಮ್ಮ ಕೊಡಲು ಹಿಂದೆಗೆದಳು. ಅವರು ಕೈ ಚಾಚಿಯೇ ಇದ್ದರು. ಕೊಟ್ಟಳು.

ಗುರುಗಳು ಕೂಸನ್ನು ಎತ್ತಿ ಹಿಡಿದರು.

“ಇದೇನವ್ವಾ ಇದು? ಹೂವಿನ ಭಾರ ಇಲ್ಲವಲ್ಲ! ಏನು ಉಣ್ಣಿಸ್ತಿದ್ದೀಯ?”

“ಹಾಲು.”

“ಬರೀ ಹಾಲಾ? ಇನ್ನೇನು ವರ್ಷ ಆಗತ್ತೆ ಇದಕ್ಕೆ. ಮಾವನ ತುತ್ತು?”

“ಕೊಟ್ಟಿಲ್ಲ.”

“ಬೇದೇಗೌಡ ಏನಂದ?”

ಬೇದೇಗೌಡ ಅವಳ ಗಂಡ, ಕಾಫಿ ತೋಟದಲ್ಲಿ ಕೂಲಿ.

“ಕಾಲಿಗೆ ಬಿದ್ದ, ಒಂದು ತುತ್ತು ಕೊಡೇ ಅಂತ. ನಾನು ಕೊಡ್ನಿಲ್ಲ.”

ಕೇತಮ್ಮನ ಮಾತು ಕಟ್ಟೆಯೊಡೆಯಿತು.

“ಕಾರಯ್ಯನಿಗೆ ಇಷ್ಟೊತ್ತಿಗೆ ಎರಡು ಸಲ ಬಾತಿತ್ತು ಬುದ್ಧಿ. ಇದಕ್ಕೆ ಒಂದು ಸಲಾನೂ ಇಲ್ಲ. ವಾರ ವಾರ ರಕ್ತ ನೋಡ್ತಿದ್ದೀನಿ, ದುಂಡಗವೆ, ಎಲ್ಲಾ ದುಂಡಗವೆ. ನೀವೇ ಹೇಳಿದ್ರಲ್ಲ, ಕೆಲವರಿಗೆ ಮಣ್ಣು ಬೀಳೋದೇ ಇಲ್ಲ ಅಂತ. ಹೊಟ್ಟೇಲಿದ್ದಾಗ ಕೂಸಿಗೆ ಅನ್ನ ಎಲ್ಲಿತ್ತು? ನನ್ನ ಮೈದೇ ಅಲ್ವಾ ಉಂಡದ್ದು? ಈಗ್ಲೂ ನನ್ನ ಮೈದೇ ಉಣ್ಲಿ. ಇನ್ನೂ ಹೊಟ್ಟೇಲೇ ಅದೀನಿ ಅಂದ್ಕೊಳ್ಲಿ. ಎರಡನೇ ಪಾತೀಲೇ ಇರ್ಲಿ.”

ಗುರುಗಳು ಕೂಸಿನ ಕೆಳತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆ ಒತ್ತಿದರು. ಒಸಡಿನಲ್ಲಿ ಎರಡು ಅಕ್ಕಿಕಾಳು.

“ಹಲ್ಲು ಬಂದಿದೆ.”

“ಹೂಂ.”

“ಯಾರನ್ನ ಕೇಳಿ ಬಂತು?”

ಕೇತಮ್ಮ ತಲೆ ತಗ್ಗಿಸಿದಳು.

“ಬಾ,” ಅಂದರು ಗುರುಗಳು. “ಗಾಜು ತಗೋ.”

“ಮೊನ್ನೆ ನೋಡಿದ್ನಲ್ಲ ಬುದ್ಧಿ.”

“ಇವತ್ತು ನೋಡು.”

ಕೂಸಿನ ಬೆರಳು ಚುಚ್ಚಿದಾಗ ಅದು ಜೋರಾಗಿ ಅಳಲೂ ಇಲ್ಲ, ಕುಂಯ್ ಅಂತು. ಹನಿ ಬಿತ್ತು, ಮೇಲೆ ಗಾಜು ಬಿತ್ತು, ಅಂಚಿಗೆ ಮೇಣ ಹಚ್ಚಿದ್ದಾಯಿತು. ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕಾದು ಕೂತರು. ಮೊಲೆ ಚೀಪುತ್ತಾ ಚೀಪುತ್ತಾ ಕೂಸು ಸೋತು ನಿದ್ದೆ ಹೋಯಿತು. ಹಾಲು ಎಂದೋ ಸಾಲದಾಗಿತ್ತು, ಅದು ಕೇತಮ್ಮನಿಗೆ ಗೊತ್ತಿತ್ತು.

“ನನ್ನ ಕಣ್ಣು ಇನ್ನೂ ಹಿಡಿಯಲ್ಲ,” ಅಂದರು ಗುರುಗಳು. “ನೀನೇ ನೋಡಿ ಹೇಳು.”

ಕೇತಮ್ಮ ಬಗ್ಗಿ ನೋಡಿದಳು. ತಿರುಪು ತಿರುಗಿಸಿದಳು. ಗಾಜನ್ನು ಆಚೆ ಸರಿಸಿ ನೋಡಿದಳು, ಈಚೆ ಸರಿಸಿ ನೋಡಿದಳು. ತಲೆ ಎತ್ತಲು ತುಂಬ ಹೊತ್ತು ಹಿಡಿಯಿತು.

“ದುಂಡಗವೆ ಬುದ್ಧಿ,” ಅಂದಳು.

ಗುರುಗಳು ಸರಿ ಅಂತ ತಲೆಯಾಡಿಸಿದರು. ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುವ ಸದ್ದು ಬರುತ್ತಿತ್ತು.

“ಇದು ಬೇರೆ ಪೋಡಿನ ಕೂಸಾಗಿದ್ರೆ,” ಅಂದರು ಅವರು, “ಅದರವ್ವನಿಗೆ ಏನು ಹೇಳ್ತಿದ್ದೆ?”

ಕೇತಮ್ಮ ಎಷ್ಟು ಹೆಂಗಸರಿಗೆ ಆ ಮಾತು ಹೇಳಿದ್ದಳು! ಎಷ್ಟು ಜನರ ಮುಖ ಆ ಮಾತಿಗೆ ಬೂದಿಯಾಗಿದ್ದನ್ನು ನೋಡಿದ್ದಳು!

“ಕುಡುಗೋಲು ಬಂದಿದಾವೆ ತಾಯಿ, ಅಂತಿದ್ದೆ.”

ಅಷ್ಟು ಹೇಳಿ ನೆಲಕ್ಕೆ ಕುಸಿದಳು. ಕೂಸನ್ನು ಎದೆಗೆ ಅವುಚಿಕೊಂಡು ಹಿಂದೆ ಮುಂದೆ ತೂಗಿದಳು.

“ಒಂದು ತುತ್ತು ಮುಟ್ಟಿಸ್ಲಿಲ್ಲ ಬುದ್ಧಿ. ಒಂದೇ ಒಂದು ತುತ್ತು! ಗಂಜಿ ಪಾತ್ರೆ ಕಂಡ್ರೆ ಬಾಯಿ ಬಾಯಿ ಬಿಡ್ತಿತ್ತು ಇದು. ನಾನು ಮುಖ ಆಕಡೆ ತಿರುಗಿಸ್ತಿದ್ದೆ. ನಾನು ಉಣ್ಣೋವಾಗ ಇದಕ್ಕೆ ಕಾಣಬಾರದು ಅಂತ ಗುಡಿಸಲ ಹಿಂದೆ ಹೋಗಿ ಉಣ್ತಿದ್ದೆ. ಹಸಿವಲ್ಲಿ ಇಟ್ಟೆ ನನ್ನ ಕೂಸನ್ನ. ಸುಮ್ಮನೆ ಇಟ್ಟೆ!”

ಗುರುಗಳು ಮೈಕ್ರೋಸ್ಕೋಪಿನಿಂದ ಗಾಜು ತೆಗೆದಿಟ್ಟರು.

“ನೀವು ಕಲಿಸಬಾರದಿತ್ತು,” ಅಂತ ಅವಳು ಕಿರುಚಿದಳು. “ನಂಗೆ ಏನೂ ಗೊತ್ತಿರಬಾರದಿತ್ತು. ಬೇರೆಯವ್ರಿಗೆ ಕೂಸಿನ ನಗೆ ಕಂಡ್ರೆ ನಗೆ ಅಷ್ಟೇ. ನಂಗೆ ಇದು ನಕ್ಕಾಗೆಲ್ಲ ಮೂರನೇ ಪಾತಿ ಕಾಣ್ತಿತ್ತು. ಕಲ್ತು ಏನು ಬಂತು ಬುದ್ಧಿ? ಹೇಳಿ, ಏನು ಬಂತು?”

“ಏನೂ ಬರಲಿಲ್ಲ,” ಅಂದರು ಗುರುಗಳು.

ಆ ಉತ್ತರಕ್ಕೆ ಅವಳು ದಂಗಾಗಿ ನೋಡಿದಳು. ಬಯ್ಯಲಿ, ಇಲ್ಲವೇ ಸಂತೈಸಲಿ ಅಂತ ಕಾಯುತ್ತಿದ್ದವಳಿಗೆ ಎರಡೂ ಸಿಗಲಿಲ್ಲ.

“ಆ ಮಣ್ಣು ತೆಗೀರಿ ಬುದ್ಧಿ. ಇದರೊಳಗೇ ಅದೆಯಲ್ಲ ಒಳ್ಳೇದು, ಎಲ್ಲಿಂದಲೂ ತರಬೇಕಾಗಿಲ್ಲ. ಬಾಯಿ ಬಿಡಿಸಿದ್ರೆ ಸಾಕಲ್ಲ!”

“ತೆಗೆಯೋ ಗುದ್ದಲಿ ನನ್ನ ಹತ್ರ ಇಲ್ಲ ಕಣವ್ವ. ದೂರ ದೇಶದಲ್ಲಿ ತೆಗೆದಿದ್ದಾರೆ. ಎಳೆ ಮೇಲೆ ಮಣ್ಣು ಹಾಕೋ ತುಂಡು ಬೇರೆ ಇದೆ, ಅದನ್ನೇ ತಿದ್ದಿ, ಎರಡನೇ ಪಾತಿಗೆ ಮತ್ತೆ ನೀರು ಬಿಟ್ಟಿದ್ದಾರೆ.”

“ಇಲ್ಲಿಗೆ ಯಾವಾಗ ಬತ್ತದೆ?”

“ಗೊತ್ತಿಲ್ಲ.”

“ಬೇರೆ ಏನೂ ಇಲ್ವಾ?”

“ಒಂದು ಮಾತ್ರೆ ಇದೆ. ಮಣ್ಣನ್ನ ಒಂಚೂರು ಸಡಿಲ ಮಾಡತ್ತೆ.”

“ಎಲ್ಲರಿಗೂ ಮಾಡ್ತದಾ?”

“ಇಲ್ಲ.”

“ವಾಸಿ ಆಯ್ತದಾ?”

“ಇಲ್ಲ. ನೋವು ಬರೋದು ಕಮ್ಮಿ ಆಗಬಹುದು. ಆಗದೇನೂ ಇರಬಹುದು.”

“ಅದನ್ನೇ ಕೊಡಿ. ಇವತ್ತೇ ಕೊಡಿ!”

ಗುರುಗಳು ಕೂಸಿನ ಕಾಲನ್ನು ಕೈಯಲ್ಲಿ ಹಿಡಿದರು. ಹೆಬ್ಬೆರಳೂ ತೋರುಬೆರಳೂ ತೊಡೆಯ ಸುತ್ತ ಬಳಸಿ ಸಲೀಸಾಗಿ ಕೂಡಿಕೊಂಡವು.

“ಇಷ್ಟು ಸೊರಗಿದ ಕೂಸಿಗೆ ಆ ಮಾತ್ರೆ ಬರೆಯಕ್ಕೆ ನನಗೆ ಧೈರ್ಯ ಇಲ್ಲ. ಪಟ್ಟಣದ ಡಾಕ್ಟರಿಗೂ ಇರಲ್ಲ. ಮೊದಲು ಮೈ ತುಂಬಬೇಕು.”

ಕೇತಮ್ಮ ಆ ಬೆರಳುಗಳನ್ನೇ ನೋಡಿದಳು. ಕಾಪಾಡುತ್ತೇನೆ ಅಂದುಕೊಂಡು ತಾನು ಏನು ಮಾಡಿದೆ ಅನ್ನುವುದು ಈಗ ಅವಳಿಗೆ ಪೂರ್ತಿ ತಿಳಿಯಿತು. ಅಳುವೂ ಬರಲಿಲ್ಲ.

ಗುರುಗಳು ಎದ್ದು ಒಳಗೆ ಹೋದರು. ಒಲೆ ಹತ್ತಿಸುವ ಸದ್ದು, ಊದುಗೊಳವೆಯ ಸದ್ದು ಕೇಳಿತು. ಅವರು ಕಂಚಿನ ಬಟ್ಟಲಲ್ಲಿ ರಾಗಿ ಗಂಜಿ ತಂದಾಗ ಹೊಳೆಯ ಮೇಲೆ ಬಿಸಿಲು ಓರೆಯಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೊಡೆ ತಟ್ಟಿದರು.

“ಇಲ್ಲಿ ಕೂರಿಸು.”

“ಮಾವನ ತುತ್ತು ಬುದ್ಧಿ ಅದು. ನೀವು ಕೊಡಂಗಿಲ್ಲ.”

“ಮಾವ ಎಲ್ಲಿದ್ದಾನೆ?”

ಕುನ್ನಯ್ಯ ಯಾವ ಊರಲ್ಲಿ ಯಾರ ಮನೆ ಜೀತದಲ್ಲಿದ್ದಾನೋ ಕೇತಮ್ಮನಿಗೂ ಗೊತ್ತಿರಲಿಲ್ಲ.

“ಇವತ್ತು ನಿನಗೆ ನಾನೇ ಅಣ್ಣ. ಕೂರಿಸು.”

“ನಾಳೆ ಇದಕ್ಕೆ ಬಾತ್ರೆ ಜನ ಸುಮ್ಮನಿರಲ್ಲ. ರಕ್ತದ ಬುದ್ಧಿ ಕೈ ತಾಕ್ತು ಅಂತಾರೆ. ನನ್ನ ತಮ್ಮನ್ನ ಅಂದಂಗೇ ನಿಮ್ಮನ್ನೂ ಅಂತಾರೆ. ಆಮೇಲೆ ಯಾವ ಪೋಡಿನವರೂ ಕೂಸು ತರಲ್ಲ ಇಲ್ಲಿಗೆ.”

“ಅಂದ್ಕೊಳ್ಲಿ.”

ಅವಳು ಕೂಸನ್ನು ಅವರ ತೊಡೆಯ ಮೇಲಿಟ್ಟಳು. ಗುರುಗಳು ಗಂಜಿಯಲ್ಲಿ ಬೆರಳದ್ದಿ, ತುಟಿಗೆ ತಾಗಿಸಿ ಬಿಸಿ ನೋಡಿ, ಕೂಸಿನ ಬಾಯಿಗೆ ಮುಟ್ಟಿಸಿದರು. ಸಂಪಿಗೆ ಮೊದಲು ಮುಖ ಕಿವುಚಿತು. ಆಮೇಲೆ ನಾಲಿಗೆ ಹೊರಗೆ ಬಂತು. ಆಮೇಲೆ ಎರಡೂ ಕೈಯಲ್ಲಿ ಅವರ ಬೆರಳು ಹಿಡಿದು, ಬಿಡಲಾರದೆ ಚೀಪಿತು. ಹೊಸ ಹಲ್ಲು ಬೆರಳಿಗೆ ನಾಟಿತು, ಅವರು ತೆಗೆಯಲಿಲ್ಲ.

ಅದು ಆಸೆಬುರುಕತನದಿಂದ ಉಣ್ಣುವುದನ್ನು ನೋಡಿದರೆ ಕಲ್ಲಿಗೂ ಕಣ್ಣೀರು ಬರಬೇಕು. ಕೇತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಉಂಡ್ರೆ ನಿಲ್ತದಾ ಬುದ್ಧಿ?”

“ಇಲ್ಲ.”

“ಒಂದು ದಿನ ತಡ ಆದ್ರೂ ಆಯ್ತದಾ?”

“ಇಲ್ಲ ಕಣವ್ವ. ಹೊತ್ತು ಆದಾಗ ಬಂದೇ ಬರತ್ತೆ.”

“ಮಾತ್ರೆ ಕೊಟ್ರೂ ಉಳೀತದೆ ಅಂತಿಲ್ಲ.”

“ಇಲ್ಲ.”

“ಮತ್ತೆ ಯಾಕ್ ಉಣ್ಣಿಸ್ಬೇಕು ಬುದ್ಧಿ? ಯಾಕೆ?”

ಗುರುಗಳು ಬಟ್ಟಲಿಗೆ ಮತ್ತೆ ಬೆರಳದ್ದಿದರು.

“ನೋವು ಬರೋ ದಿನ ಕೂಸು ಹಸಿದಿರಬಾರದು ಕಣವ್ವ.”